ಉಬ್ಬಸದ ರಿಪೋರ್ಟಿನ ಅಂಕಿಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಳೆಗಾಲದ ಉಬ್ಬಸದ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಬಹುತೇಕ ಪತ್ರಗಳ ಜೊತೆ ಲ್ಯಾಬ್ ರಿಪೋರ್ಟಿನ ಪ್ರತಿಯೂ ಇದೆ, ಕೇಳಿರುವ ಪ್ರಶ್ನೆಗಳೆಲ್ಲ ಆ ರಿಪೋರ್ಟಿನ ಅಂಕಿಗಳ ಸುತ್ತಲೇ ಇವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಬರೆದ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದನ್ನೇ ಆಧರಿಸಿರುವುದರಿಂದ ದಯವಿಟ್ಟು ಅದನ್ನು ದಾಟಿ ಹೋಗಬೇಡಿ.

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ, ವಯಸ್ಸು 46. ಹತ್ತು ವರ್ಷಗಳಿಂದ ಉಬ್ಬಸವಿದೆ. ಮಳೆ ಹಿಡಿಯಿತೆಂದರೆ ರಾತ್ರಿ ಕೆಮ್ಮು, ಬೆಳಗಿನ ಜಾವ ಎದೆ ಬಿಗಿತ. ಕಷ್ಟವಾದಾಗ ನೀಲಿ ಇನ್‌ಹೇಲರ್ ಬಳಸುತ್ತೇನೆ. ಸ್ಟೀರಾಯ್ಡ್ ಇರುವ ಇನ್ನೊಂದನ್ನು ನೆನಪಾದಾಗ ತೆಗೆದುಕೊಳ್ಳುತ್ತೇನೆ. ಮೊನ್ನೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ಊದುವ ಪರೀಕ್ಷೆ ನಾರ್ಮಲ್ ಎಂದರು. ಆದರೆ ಫೀನೋ ಎಂಬ ಉಸಿರಿನ ಪರೀಕ್ಷೆಯಲ್ಲಿ 68, ರಕ್ತದ ಇಯೊಸಿನೊಫಿಲ್ ಕಣ 620, ಐಜಿಇ ಪ್ರತಿಕಾಯ 740 ಎಂದು ಬಂದಿದೆ. ಸ್ಟೀರಾಯ್ಡ್ ಇನ್‌ಹೇಲರನ್ನು ದಿನಕ್ಕೆರಡು ಬಾರಿ ತಪ್ಪದೆ ತೆಗೆದುಕೊಳ್ಳಲು ಹೇಳಿದ್ದಾರೆ. ಉಸಿರಾಟ ಸರಿಯಿದೆ ಎಂದಾದ ಮೇಲೆ ಈ ಅಂಕಿಗಳಿಗೆ ಏಕೆ ಹೆದರಬೇಕು? ಮೂರೂ ಉರಿಯೂತವನ್ನೇ ಅಳೆಯುವುದಾದರೆ ಒಂದು ಪರೀಕ್ಷೆ ಸಾಲದೇ?

ಉತ್ತರ: ಊದುವ ಪರೀಕ್ಷೆಯು, ಅಂದರೆ ಸ್ಪೈರೋಮೆಟ್ರಿಯು, ಊದಿದ ಆ ಗಳಿಗೆಯಲ್ಲಿ ಶ್ವಾಸನಾಳ ಎಷ್ಟು ತೆರೆದಿದೆ ಎಂಬುದನ್ನಷ್ಟೇ ಹೇಳುತ್ತದೆ. ಉಬ್ಬಸದಲ್ಲಿ ನಾಳದ ಬಿಗಿತ ಗಂಟೆಗಂಟೆಗೂ ಬದಲಾಗುವುದರಿಂದ, ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತವರು ದೇವಿಮನೆಯಾಗಲಿ ಅರಬೈಲಾಗಲಿ ಯಾವ ಘಟ್ಟವನ್ನೂ ಹತ್ತದೆ ಬಸ್ಸಿನಲ್ಲಿ ನೆಮ್ಮದಿಯಾಗಿ ಹುಬ್ಬಳ್ಳಿ ತಲುಪಿ, ಮಧ್ಯಾಹ್ನ ಊದಿದರೆ ಅಂಕಿ ಸರಿಯಾಗಿಯೇ ಬರಬಹುದು. ನಿಮ್ಮ ಫೀನೋ ಮತ್ತು ಇಯೊಸಿನೊಫಿಲ್ ಅಂಕಿಗಳು ತೋರಿಸುತ್ತಿರುವುದು ಬೂದಿ ಮುಚ್ಚಿದ ಕೆಂಡವನ್ನು. ಆ ಕೆಂಡ ಹೊತ್ತಿಕೊಳ್ಳುವುದು ಹೇಗೆ ಎಂದು ತಿಳಿದರೆ ಮೂರು ಪರೀಕ್ಷೆಗಳೇಕೆ ಎಂಬುದೂ ತಿಳಿಯುತ್ತದೆ.

ನಿಮ್ಮ ಮನೆಯಿಂದಲೇ ಆರಂಭಿಸೋಣ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಸರಿಯಾಗಿ ಬಿಸಿಲು ಕಾಣದ ಮಲೆನಾಡಿನ ಮನೆಯಲ್ಲಿ ಹತ್ತಿಯ ಹಾಸಿಗೆ, ದಿಂಬು, ಕಂಬಳಿ ಎಲ್ಲವೂ ತೇವ ಹೀರಿಕೊಂಡು ಕುಳಿತಿರುತ್ತವೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಗಾತ್ರದ ಧೂಳುಹುಳಗಳು ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು ಅಲ್ಲಿ ಬದುಕುತ್ತವೆ. ಅವು ನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ಗಾಳಿಯ ತೇವವನ್ನೇ ಮೈಯಿಂದ ಹೀರುತ್ತವೆ, ಹಾಗಾಗಿ ಬಯಲುಸೀಮೆಗಿಂತ ನಮ್ಮ ಕಡೆ ಅವುಗಳಿಗೆ ಸುಗ್ಗಿ. ಅವುಗಳ ಹಿಕ್ಕೆಯಲ್ಲಿ ಡರ್ ಪಿ 1 ಎಂಬ ಕಿಣ್ವವಿದೆ. ಹಾಸಿಗೆ ಕೊಡವಿದಾಗ ಎದ್ದ ಧೂಳಿನೊಂದಿಗೆ ಅದು ಒಳಗೆ ಹೋದರೆ, ಶ್ವಾಸನಾಳದ ಒಳಪೊರೆಯ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಬೆಸುಗೆಯನ್ನೇ ಕತ್ತರಿಸುತ್ತದೆ.

ಗಾಯಗೊಂಡ ಒಳಪೊರೆಯು ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-25, ಇಂಟರ್‌ಲ್ಯೂಕಿನ್-33 ಎಂಬ ಸಂದೇಶ ಪ್ರೋಟೀನುಗಳನ್ನು ಹೊರಬಿಟ್ಟು ಬೊಬ್ಬೆ ಹಾಕುತ್ತದೆ. ಆ ಬೊಬ್ಬೆಗೆ ಓಗೊಡುವ ಕೋಶಗಳು ಎರಡು ಬಗೆಯವು. ಮೊದಲನೆಯವು ಆ ಅಲರ್ಜಿಯ ಪೂರ್ವಪರಿಚಯವಿರುವ ಟಿ-ಸಹಾಯಕ 2 ಕೋಶಗಳು. ಎರಡನೆಯವು 2010ರ ಸುಮಾರಿಗೆ ವಿಜ್ಞಾನಿಗಳ ಕಣ್ಣಿಗೆ ಬಿದ್ದ, ಅಂಥ ಪರಿಚಯವೇ ಬೇಕಿಲ್ಲದ ಐಎಲ್‌ಸಿ-2 ಎಂಬ ಕೋಶಗಳು. ಇವು ಸೇರಿ ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-5 ಮತ್ತು ಇಂಟರ್‌ಲ್ಯೂಕಿನ್-13 ಎಂಬ ಮೂರು ಪ್ರೋಟೀನುಗಳನ್ನು ಸ್ರವಿಸುತ್ತವೆ. ಈ ಬಗೆಯ ಉರಿಯೂತಕ್ಕೆ ವೈದ್ಯರು ‘ಟೈಪ್ 2’ ಎನ್ನುತ್ತಾರೆ. ತೋಟದ ಒಂದೇ ಕೆರೆಯಿಂದ ಮೂರು ಕಾಲುವೆ ಹೊರಟಂತೆ, ನಿಮ್ಮ ಮೂರು ಅಂಕಿಗಳು ಇಲ್ಲಿಂದ ಬೇರೆಬೇರೆ ದಾರಿ ಹಿಡಿಯುತ್ತವೆ.

ಇಂಟರ್‌ಲ್ಯೂಕಿನ್-5 ಎಲುಬಿನ ಮಜ್ಜೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚು ಹುಟ್ಟುವಂತೆ ಮಾಡಿ, ಅವು ಬೇಗ ಸಾಯದಂತೆಯೂ ಕಾಯುತ್ತದೆ. ಇಯೊಸಿನ್ ಎಂಬ ಬಣ್ಣವನ್ನು ಹೀರಿ ಕೆಂಪಾಗುತ್ತವೆ ಎಂಬ ಕಾರಣಕ್ಕೆ ಜರ್ಮನಿಯ ಪೌಲ್ ಏರ್ಲಿಖ್ 1879ರಲ್ಲಿ ಅವುಗಳಿಗೆ ಆ ಹೆಸರು ಕೊಟ್ಟರು. ಇಂಟರ್‌ಲ್ಯೂಕಿನ್-4 ನೀಡುವ ಸೂಚನೆಯಂತೆ ಬಿ ಕೋಶಗಳು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತವೆ. ಇಂಟರ್‌ಲ್ಯೂಕಿನ್-13 ಲೋಳೆಯನ್ನು ಹೆಚ್ಚಿಸಿ, ನಾಳದ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುವಂತೆ ಮಾಡುವುದರ ಜೊತೆಗೆ, ಒಳಪೊರೆಯ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ತಯಾರಿಸುವ ಕಿಣ್ವವನ್ನೂ ಎಬ್ಬಿಸುತ್ತದೆ. ಆ ಅನಿಲವನ್ನು ಉಸಿರಿನಲ್ಲಿ ಅಳೆಯುವ ಪರೀಕ್ಷೆಯೇ ಫೀನೋ.

ಇವು ನಿಜಕ್ಕೂ ಬೇರೆಬೇರೆ ಕಾಲುವೆಗಳು ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಔಷಧಗಳಿಂದ. ಇಂಟರ್‌ಲ್ಯೂಕಿನ್-5ನ್ನು ಮಾತ್ರ ತಡೆಯುವ ಮೆಪೊಲಿಜುಮ್ಯಾಬ್ ಕೊಟ್ಟರೆ ರಕ್ತದ ಇಯೊಸಿನೊಫಿಲ್ ತಳ ಕಾಣುತ್ತದೆ, ಫೀನೋ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇಂಟರ್‌ಲ್ಯೂಕಿನ್-4 ಮತ್ತು 13 ಎರಡರ ದಾರಿಯನ್ನೂ ಮುಚ್ಚುವ ಡುಪಿಲುಮ್ಯಾಬ್ ಕೊಟ್ಟರೆ ಫೀನೋ, ಐಜಿಇ ಇಳಿಯುತ್ತವೆ, ರಕ್ತದ ಇಯೊಸಿನೊಫಿಲ್ ಮಾತ್ರ ಕೆಲವರಲ್ಲಿ ಕೆಲಕಾಲ ಏರುತ್ತದೆ. ರಕ್ತದಿಂದ ಶ್ವಾಸಕೋಶಕ್ಕೆ ದಾಟುವ ಬಾಗಿಲು ಮುಚ್ಚಿದ್ದರಿಂದ ಅವು ರಕ್ತದಲ್ಲೇ ಉಳಿಯುತ್ತವೆ. ಮೇಲುಗಡೆಯ ಟಿಎಸ್‌ಎಲ್‌ಪಿಯನ್ನೇ ತಡೆಯುವ ಟೆಜೆಪೆಲುಮ್ಯಾಬ್ ಕೊಟ್ಟರೆ ಮೂರೂ ಇಳಿಯುತ್ತವೆ. ಕೆರೆಯ ತೂಬು ಹಾಕಿದರೆ ಆಗುವುದೂ ಇದೇ. ಒಂದು ಪರೀಕ್ಷೆ ಸಾಲದೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಇನ್ನು ನಿಮ್ಮ ಅಂಕಿಗಳು. ಫೀನೋವನ್ನು ಪಿಪಿಬಿ ಎಂಬ ಮಾನದಲ್ಲಿ ಅಳೆಯುತ್ತಾರೆ, ಅಂದರೆ ಗಾಳಿಯ ನೂರು ಕೋಟಿ ಪಾಲಿನಲ್ಲಿ ಆ ಅನಿಲದ ಪಾಲೆಷ್ಟು ಎಂಬ ಲೆಕ್ಕ. ಮನುಷ್ಯರ ಉಸಿರಿನಲ್ಲಿ ಈ ಅನಿಲವಿದೆ ಎಂದು 1991ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಉಬ್ಬಸವಿರುವವರಲ್ಲಿ ಅದು ಹೆಚ್ಚಿರುತ್ತದೆ ಎಂಬುದು 1993ರ ಹೊತ್ತಿಗೆ ತಿಳಿಯಿತು. ಅಮೆರಿಕದ ಥೊರಾಸಿಕ್ ಸೊಸೈಟಿ 2011ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ದೊಡ್ಡವರಲ್ಲಿ 25ಕ್ಕಿಂತ ಕಡಿಮೆಯಿದ್ದರೆ ಇಯೊಸಿನೊಫಿಲ್ ಬಗೆಯ ಉರಿಯೂತದ ಸಾಧ್ಯತೆ ಕಡಿಮೆ, 50ಕ್ಕಿಂತ ಹೆಚ್ಚಿದ್ದರೆ ಆ ಉರಿಯೂತವಿದ್ದು ಸ್ಟೀರಾಯ್ಡಿಗೆ ಅದು ಬಗ್ಗುವ ಸಾಧ್ಯತೆ ಹೆಚ್ಚು. ನಡುವಿನದನ್ನು ರೋಗಿಯ ಮುಖ ನೋಡಿಯೇ ಹೇಳಬೇಕು. ನಿಮ್ಮದು 68. ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ 500ರವರೆಗಿನ ಇಯೊಸಿನೊಫಿಲ್ ಸಾಮಾನ್ಯವೆಂದು ಲ್ಯಾಬುಗಳು ಮುದ್ರಿಸುತ್ತವೆಯಾದರೂ, ಉಬ್ಬಸದಲ್ಲಿ 300 ದಾಟಿದರೇ ಮತ್ತೆ ಮತ್ತೆ ದಮ್ಮು ಕೆರಳುವ ಅಪಾಯವನ್ನು ಗಮನಿಸಬೇಕಾಗುತ್ತದೆ. ಎರಡೂ ಒಟ್ಟಿಗೆ ಏರಿರುವುದು ಒಂದೇ ಏರಿರುವುದಕ್ಕಿಂತ ಹೆಚ್ಚು ಅಪಾಯದ ಸೂಚನೆ.

ಆದರೆ ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ. ಹೀಗೆ ಏರಿದ ಅಂಕಿಗಳಿರುವ ಉಬ್ಬಸವೇ ಸ್ಟೀರಾಯ್ಡ್ ಇನ್‌ಹೇಲರಿಗೆ ಚೆನ್ನಾಗಿ ಮಣಿಯುವುದು. ನೀಲಿ ಇನ್‌ಹೇಲರ್ ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದೇ ಇಲ್ಲ. ಈ ಕಾರಣಕ್ಕಾಗಿಯೇ ‘ಗೀನಾ’ ಎಂಬ ಅಂತರರಾಷ್ಟ್ರೀಯ ತಜ್ಞರ ಸಮಿತಿ 2019ರಿಂದ, ದೊಡ್ಡವರು ನೀಲಿ ಇನ್‌ಹೇಲರ್ ಒಂದನ್ನೇ ನೆಚ್ಚಿಕೊಳ್ಳಬಾರದು ಎಂದು ಹೇಳುತ್ತ ಬಂದಿದೆ. ನಿಮ್ಮ ವೈದ್ಯರು ಔಷಧದ ಪ್ರಮಾಣ ಹೆಚ್ಚಿಸದೆ, ಇರುವುದನ್ನೇ ತಪ್ಪದೆ ತೆಗೆದುಕೊಳ್ಳಲು ಹೇಳಿದ್ದು ನನಗೆ ತುಂಬ ಸರಿಯೆನಿಸಿತು. ತಪ್ಪದೆ ತೆಗೆದುಕೊಂಡರೆ ಫೀನೋ ಒಂದೆರಡು ವಾರಗಳಲ್ಲೇ ಇಳಿಯಲು ತೊಡಗುತ್ತದೆ. ಇಳಿಯದಿದ್ದರೆ ವೈದ್ಯರು ಮೊದಲು ಕೇಳುವ ಪ್ರಶ್ನೆ ‘ತೆಗೆದುಕೊಳ್ಳುತ್ತಿದ್ದೀರಾ, ಹೇಗೆ ಎಳೆದುಕೊಳ್ಳುತ್ತೀರಿ, ತೋರಿಸಿ’ ಎಂಬುದು. ಈ ಪರೀಕ್ಷೆಯ ಮುಂದೆ ಸುಳ್ಳು ಹೇಳುವುದು ಕಷ್ಟ.

ನಿಮ್ಮ ಐಜಿಇ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಒಟ್ಟು ಐಜಿಇ ರೋಗದ ತೀವ್ರತೆಯನ್ನು ಹೇಳುವುದಿಲ್ಲ, 740 ಇದ್ದವರಿಗೆ 200 ಇದ್ದವರಿಗಿಂತ ಉಬ್ಬಸ ಹೆಚ್ಚು ಎಂದೇನೂ ಇಲ್ಲ. ಆದರೆ ಕೊಟ್ಟಿಗೆಗೆ ದರಕು ಹಾಸುವವರು, ಗೊಬ್ಬರ ಕೆದಕುವವರು, ಬೂಷ್ಟು ಹಿಡಿದ ಅಡಿಕೆ ಸುಲಿಯುವವರು ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳನ್ನು ಉಸಿರಾಡುತ್ತಲೇ ಇರುತ್ತಾರೆ. ಉಬ್ಬಸವಿರುವ ಕೆಲವರಲ್ಲಿ ಅದು ಶ್ವಾಸನಾಳದ ಲೋಳೆಯಲ್ಲೇ ನೆಲೆಸಿ ಎಬಿಪಿಎ ಎಂಬ ಬೇರೆಯೇ ತೊಂದರೆ ತರುತ್ತದೆ. ಭಾರತದಲ್ಲಿ ಇದು ಅಪರೂಪವೇನಲ್ಲ. ಚಂಡೀಗಡದ ಪಿಜಿಐ ಆಸ್ಪತ್ರೆಯ ವೈದ್ಯರು ಇದರ ಮೇಲೆ ಮುಖ್ಯವಾದ ಕೆಲಸ ಮಾಡಿದ್ದಾರೆ. ಇದನ್ನು ಗುರುತಿಸಲು ಮೊದಲು ಒಟ್ಟು ಐಜಿಇ 1000 ದಾಟಿರಬೇಕು ಎನ್ನುತ್ತಿದ್ದರು, ಈಗಿನ ಮಾನದಂಡ 500. ನಿಮ್ಮದು ಅದನ್ನು ದಾಟಿರುವುದರಿಂದ ಆಸ್ಪರ್ಜಿಲಸ್‌ಗೆ ಸಂಬಂಧಿಸಿದ ನಿರ್ದಿಷ್ಟ ಐಜಿಇ ಪರೀಕ್ಷೆಯನ್ನು ಒಮ್ಮೆ ಮಾಡಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕಫದಲ್ಲಿ ಕಂದು ಬಣ್ಣದ ಗಟ್ಟಿ ತುಣುಕು ಬೀಳುತ್ತಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: ಅಂಕೋಲೆಯಿಂದ ಬರೆಯುತ್ತಿದ್ದೇನೆ. ನನ್ನ ಒಂಬತ್ತು ವರ್ಷದ ಮಗನಿಗೆ ನೆಗಡಿಯಾದಾಗಲೆಲ್ಲ ಉಬ್ಬಸ ಬರುತ್ತದೆ, ಓಡಿದರೂ ಏದುಸಿರು. ಫೀನೋ 18 ಬಂದಿದೆ. ಇಷ್ಟು ಕಡಿಮೆಯಿದ್ದರೆ ಉಬ್ಬಸವೇ ಅಲ್ಲ ಎಂದು ಪರಿಚಯದವರು ಹೇಳುತ್ತಾರೆ. ನಮ್ಮ ಅತ್ತೆಯವರು ಅವನಿಗೆ ಮೀನು, ಬಾಳೆಹಣ್ಣು, ಮೊಸರು ಎಲ್ಲವನ್ನೂ ನಿಲ್ಲಿಸಿದ್ದಾರೆ. ಏನು ಮಾಡಲಿ, ಡಾಕ್ಟರೇ?

ಉತ್ತರ: ಮಕ್ಕಳಲ್ಲಿ ಫೀನೋದ ಗಡಿಗಳು ಬೇರೆ: 20ಕ್ಕಿಂತ ಕಡಿಮೆ, 35ಕ್ಕಿಂತ ಹೆಚ್ಚು. ನಿಮ್ಮ ಮಗನದು ಕಡಿಮೆಯೇ ಹೌದು, ಆದರೆ ಅದರಿಂದ ಉಬ್ಬಸವಿಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲ. ವೈರಸ್ ನೆಗಡಿಯಿಂದ ಮಾತ್ರ ಕೆರಳುವ ಮಗುವಿನಲ್ಲಿ ಎರಡು ನೆಗಡಿಗಳ ನಡುವೆ ಅಂಕಿ ಕೆಳಗೇ ಇರಬಹುದು. ಆತ ಈಗಾಗಲೇ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿದ್ದರೆ ಔಷಧ ಕೆಲಸ ಮಾಡಿದ್ದರಿಂದಲೇ ಅಂಕಿ ಇಳಿದಿರಬಹುದು. ಈ ವಿಷಯ ನಿಮ್ಮ ಪತ್ರದಲ್ಲಿಲ್ಲ.

ಪರೀಕ್ಷೆ ಮಾಡಿದ ರೀತಿಯೂ ಮುಖ್ಯ. ನಮ್ಮ ಮೂಗು ಮತ್ತು ಮುಖದ ಎಲುಬಿನ ಗೂಡುಗಳಲ್ಲಿ ನೈಟ್ರಿಕ್ ಆಕ್ಸೈಡ್ ಶ್ವಾಸಕೋಶಕ್ಕಿಂತ ಬಹಳ ಹೆಚ್ಚಿರುತ್ತದೆ. ಅದು ಬೆರೆತರೆ ಅಂಕಿ ಕೆಡುತ್ತದೆ. ಆದ್ದರಿಂದ ಯಂತ್ರದ ಕೊಳವೆಯಲ್ಲಿ ಸ್ವಲ್ಪ ತಡೆ ಇಟ್ಟಿರುತ್ತಾರೆ. ಆ ತಡೆಗೆ ಎದುರಾಗಿ ಊದಿದಾಗ ಬಾಯಿಯ ಹಿಂಭಾಗದ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಸೆಕೆಂಡಿಗೆ 50 ಮಿಲಿಲೀಟರಿನ ಒಂದೇ ಹದದಲ್ಲಿ ದೊಡ್ಡವರು ಹತ್ತು ಸೆಕೆಂಡು, ಚಿಕ್ಕ ಮಕ್ಕಳು ಆರು ಸೆಕೆಂಡು ಊದಬೇಕು. ಕೊಳಲು ಕಲಿಯುವ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ. ಉಳಿದವರಿಗೆ ಎರಡು ಮೂರು ಸಲ ಬೇಕಾಗುತ್ತದೆ. ಸ್ಪೈರೋಮೆಟ್ರಿ ಮಾಡುವುದಿದ್ದರೆ ಅದಕ್ಕೆ ಮೊದಲೇ ಫೀನೋ ಮಾಡಬೇಕು, ಏಕೆಂದರೆ ಜೋರಾಗಿ ಊದಿದ ಮೇಲೆ ಅಂಕಿ ಇಳಿಯುತ್ತದೆ. ಹರಿವೆ, ಬೀಟ್‌ರೂಟ್‌ಗಳಂಥ ನೈಟ್ರೇಟ್ ಹೆಚ್ಚಿರುವ ತರಕಾರಿ ಉಂಡು ಬಂದರೆ ಅಂಕಿ ಏರಬಹುದು. ಅಲರ್ಜಿಯ ನೆಗಡಿಯೂ ಏರಿಸುತ್ತದೆ. ಮುಂದಿನ ಸಲ ಹೋಗುವಾಗ ಇವನ್ನು ನೆನಪಿಡಿ. ಅವನ ಉಬ್ಬಸವನ್ನು ಖಚಿತಪಡಿಸಲು ನೀಲಿ ಇನ್‌ಹೇಲರಿಗೆ ಮೊದಲು ಮತ್ತು ನಂತರ ಮಾಡುವ ಸ್ಪೈರೋಮೆಟ್ರಿಯೇ ಹೆಚ್ಚು ಉಪಯುಕ್ತ, ಅದರಲ್ಲೂ ತೊಂದರೆಯಿರುವ ದಿನವೇ ಮಾಡಿಸಿದರೆ.

ಊಟದ ವಿಷಯ. ಬಂಗುಡೆ ತಿಂದ ಸ್ವಲ್ಪ ಹೊತ್ತಿಗೆ ತುಟಿ ಊದಿ, ಮೈಮೇಲೆ ದದ್ದು ಎದ್ದು, ಜೊತೆಗೆ ಉಬ್ಬಸವೂ ಬರುತ್ತಿದ್ದರೆ ಅದು ಮೀನಿನ ಅಲರ್ಜಿ, ನಿಲ್ಲಿಸಬೇಕಾದದ್ದೇ. ಅಂಥದ್ದೇನೂ ಇಲ್ಲದ ಮಗುವಿಗೆ ಮೀನು, ಬಾಳೆಹಣ್ಣು, ಮೊಸರು ನಿಲ್ಲಿಸಿದರೆ ಶ್ವಾಸನಾಳದ ಉರಿಯೂತ ಇಳಿಯುವುದಿಲ್ಲ, ಮಗುವಿನ ತೂಕ ಇಳಿಯುತ್ತದೆ. ರಕ್ತದಲ್ಲಿ ಯಾವುದೋ ಆಹಾರಕ್ಕೆ ನಿರ್ದಿಷ್ಟ ಐಜಿಇ ಕಂಡಿತೆಂದ ಮಾತ್ರಕ್ಕೆ ಅದು ಅಲರ್ಜಿಯೂ ಆಗಬೇಕಿಲ್ಲ. ಆ ಪ್ರತಿಕಾಯವನ್ನು ಮೈಯಲ್ಲಿ ಇಟ್ಟುಕೊಂಡೇ ಆ ಆಹಾರವನ್ನು ಸುಖವಾಗಿ ತಿನ್ನುವವರು ಬಹಳ ಮಂದಿ. ಅತ್ತೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಅವನ ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಕೈಸುಡುವಷ್ಟು ಬಿಸಿಯಾದ, ಅಂದರೆ 60 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಅದ್ದಿ ಒಗೆಸುವ ಉಸ್ತುವಾರಿಯನ್ನು ಅವರಿಗೆ ವಹಿಸಿದರೆ ಅವರ ಕಾಳಜಿಯೂ ಸಾರ್ಥಕವಾಗುತ್ತದೆ.

ಪ್ರಶ್ನೆ: ನಾನು ಹೊನ್ನಾವರದ ಕಡೆಯವನು, ಬೋಟಿನಲ್ಲಿ ಕೆಲಸ, ವಯಸ್ಸು 31. ಎರಡು ತಿಂಗಳಿಂದ ರಾತ್ರಿ ಹೊತ್ತು ನಿದ್ದೆಗೆಡಿಸುವ ಕೆಮ್ಮು, ಉಬ್ಬಸ, ತೂಕವೂ ಕಡಿಮೆಯಾಗಿದೆ. ರಕ್ತದಲ್ಲಿ ಇಯೊಸಿನೊಫಿಲ್ 4,200 ಬಂದಿದೆ. ನನಗಿರುವುದು ಉಬ್ಬಸವೋ, ಇಯೊಸಿನೊಫಿಲಿಯಾವೋ?

ಉತ್ತರ: ಇಯೊಸಿನೊಫಿಲಿಯಾ ಎಂಬುದನ್ನು ನಮ್ಮಲ್ಲಿ ಒಂದು ರೋಗದ ಹೆಸರೆಂಬಂತೆ ಬಳಸುತ್ತಾರೆ. ಆ ಪದದ ಅರ್ಥ ರಕ್ತದಲ್ಲಿ ಆ ಕಣಗಳು ಹೆಚ್ಚಿವೆ ಎಂದಷ್ಟೇ. ಏಕೆ ಹೆಚ್ಚಿವೆ ಎಂಬುದನ್ನು ಮುಂದೆ ಹುಡುಕಬೇಕು. ಬರೀ ಉಬ್ಬಸದಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಕೆಲವು ನೂರುಗಳಲ್ಲಿರುತ್ತದೆ. ಹತ್ತಿರ ಹತ್ತಿರ 1,500 ಆದಾಗಲೇ ಬೇರೆ ಕಾರಣ ಹುಡುಕಬೇಕು, 3,000 ದಾಟಿದರೆ ಕರಾವಳಿಯಲ್ಲಿ ಕೆಲಸ ಮಾಡಿದ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಟ್ರಾಪಿಕಲ್ ಪಲ್ಮನರಿ ಇಯೊಸಿನೊಫಿಲಿಯಾ.

ಇದು ಆನೆಕಾಲು ರೋಗ ತರುವ, ಸೊಳ್ಳೆಯಿಂದ ಹರಡುವ ಫೈಲೇರಿಯಾ ಹುಳುವಿಗೆ ಶ್ವಾಸಕೋಶ ತೋರುವ ಅತಿಯಾದ ಪ್ರತಿಕ್ರಿಯೆ. ಹುಳುವಿನ ಮರಿಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ನಾಶವಾಗುವುದರಿಂದ, ರಾತ್ರಿ ರಕ್ತ ತೆಗೆದು ನೋಡಿದರೂ ಅವು ಸಿಗುವುದಿಲ್ಲ. ಸಿಗುವುದು ರೋಗಿಯ ಪ್ರತಿಕ್ರಿಯೆಯ ಗುರುತುಗಳು: ಸಾವಿರಗಟ್ಟಲೆ ಇಯೊಸಿನೊಫಿಲ್, 1,000ಕ್ಕೂ ಮೇಲಿನ ಐಜಿಇ, ಫೈಲೇರಿಯಾ ವಿರುದ್ಧದ ಪ್ರತಿಕಾಯಗಳು. ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯ ವೈದ್ಯರು 1940ರಲ್ಲಿ ಕ್ಷಯದಂತೆ ತೋರುವ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಅದಕ್ಕೆ ಟ್ರಾಪಿಕಲ್ ಇಯೊಸಿನೊಫಿಲಿಯಾ ಎಂದು ಹೆಸರಿಟ್ಟರು. ಆಗ ಹುಳುವಿನ ಸಂಬಂಧ ಯಾರಿಗೂ ತಿಳಿದಿರಲಿಲ್ಲ. ಡೈಇಥೈಲ್‌ಕಾರ್ಬಮಜೀನ್ ಮಾತ್ರೆಯನ್ನು ಸಾಮಾನ್ಯವಾಗಿ ಮೂರು ವಾರ ಕೊಟ್ಟರೆ ಹೆಚ್ಚಿನವರು ಸುಧಾರಿಸುತ್ತಾರೆ, ಅಂಕಿಯೂ ಇಳಿಯುತ್ತದೆ. ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುವ ಅಪಾಯವಿದೆ.

ನಿಮಗೆ ಇದೇ ಇದೆ ಎಂದು ಪತ್ರ ನೋಡಿ ಹೇಳಲಾರೆ. ತೂಕ ಇಳಿದಿರುವುದರಿಂದ ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಆಗಲೇಬೇಕು. ಮಲ ಪರೀಕ್ಷೆಯೂ ಬೇಕು, ಇದಕ್ಕೊಂದು ವಿಶೇಷ ಕಾರಣವಿದೆ. ಬರಿಗಾಲಿನಲ್ಲಿ ಒದ್ದೆ ಮಣ್ಣಿನ ಮೇಲೆ ಓಡಾಡುವವರ ಕರುಳಿನಲ್ಲಿ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಇರಬಹುದು. ಅದೂ ಇಯೊಸಿನೊಫಿಲ್ ಏರಿಸುತ್ತದೆ. ಉಬ್ಬಸವೆಂದುಕೊಂಡು ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಆ ಹುಳು ಹತೋಟಿ ತಪ್ಪಿ ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಪರೀಕ್ಷೆಗೆ ಮೊದಲು ತೆಗೆದುಕೊಳ್ಳಬೇಡಿ. ಮೀನುಗಾರಿಕೆಯ ರಜೆ ಬರಲಿ ಎಂದು ಜೂನ್‌ವರೆಗೆ ಕಾಯಲೂ ಬೇಡಿ.

ಪ್ರಶ್ನೆ: ಸಿದ್ದಾಪುರದ ನಮ್ಮ ಅಜ್ಜಿಗೆ 71 ವರ್ಷ. ಬೀಡಿ ಸೇದಿದವರಲ್ಲ. ನಡೆದರೆ ದಮ್ಮು. ಫೀನೋ 12, ಇಯೊಸಿನೊಫಿಲ್ 90. ಉರಿಯೂತವೇ ಇಲ್ಲ ಎಂದು ತಿಳಿಯಬಹುದೇ?

ಉತ್ತರ: ತಿಳಿಯಬಾರದು. ಈ ಎರಡು ಅಂಕಿಗಳು ಮೇಲೆ ಹೇಳಿದ ಟೈಪ್ 2 ಉರಿಯೂತವನ್ನು ಮಾತ್ರ ಹಿಡಿಯುತ್ತವೆ. ಐವತ್ತು ವರ್ಷ ಸೌದೆ ಒಲೆಯ ಮುಂದೆ, ಬಚ್ಚಲ ಒಲೆಯ ಮುಂದೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಹೊಗೆ ಕುಡಿದವರ ಶ್ವಾಸನಾಳದಲ್ಲಿ ನ್ಯೂಟ್ರೊಫಿಲ್ ಎಂಬ ಬೇರೆ ಬಿಳಿ ಕಣಗಳದ್ದೇ ಕಾರುಬಾರು. ಅವನ್ನು ಕರೆತರುವುದು ಇಂಟರ್‌ಲ್ಯೂಕಿನ್-8, ಇಂಟರ್‌ಲ್ಯೂಕಿನ್-17ರಂಥ ಬೇರೆ ಸಂದೇಶಗಳು. ಅವಕ್ಕೆ ನಿಮ್ಮ ಊರಿನ ಲ್ಯಾಬಿನಲ್ಲಿ ಮಾಡಿಸುವಂಥ ಪರೀಕ್ಷೆ ಇನ್ನೂ ಬಂದಿಲ್ಲ. ಅಜ್ಜಿಗೆ ಇರುವುದು ಸಿಒಪಿಡಿ, ಅಂದರೆ ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸನಾಳ ಕಿರಿದಾಗುವ ಕಾಯಿಲೆ, ಆಗಿರಬಹುದು, ಹೃದಯದ ತೊಂದರೆಯೂ ಆಗಿರಬಹುದು. ಸ್ಪೈರೋಮೆಟ್ರಿ ಮತ್ತು ಇಸಿಜಿ ಮಾಡಿಸಿ. ಇಯೊಸಿನೊಫಿಲ್ 100ಕ್ಕಿಂತ ಕಡಿಮೆಯಿರುವ ಸಿಒಪಿಡಿಯಲ್ಲಿ ಸ್ಟೀರಾಯ್ಡ್ ಇನ್‌ಹೇಲರಿನಿಂದ ಪ್ರಯೋಜನ ಕಡಿಮೆ, ಹಾಗಾಗಿ ಆ 90 ಎಂಬ ಅಂಕಿಯೂ ಚಿಕಿತ್ಸೆ ಆರಿಸುವಾಗ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಉಪನ್ಯಾಸಕಿ. ತೀವ್ರ ಉಬ್ಬಸವಿದ್ದು ವರ್ಷಕ್ಕೆ ಮೂರು ನಾಲ್ಕು ಸಲ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತಿದೆ. ಬಯೋಲಾಜಿಕ್ ಚುಚ್ಚುಮದ್ದಿನ ಬಗ್ಗೆ ಹೇಳಿದ್ದಾರೆ. ಇಷ್ಟು ದುಬಾರಿ ಔಷಧವನ್ನು ಒಂದು ರಕ್ತಪರೀಕ್ಷೆ ನಂಬಿ ಆರಂಭಿಸಬಹುದೇ? ಈ ಸೂಚಕಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಸಂಶಯ ನನಗೆ ಇಷ್ಟವಾಯಿತು. ಬಯೋಲಾಜಿಕ್ ಎಂದರೆ ಮೊದಲ ಉತ್ತರದಲ್ಲಿ ಹೇಳಿದ ಮೆಪೊಲಿಜುಮ್ಯಾಬ್‌ನಂತೆ ಉರಿಯೂತದ ಒಂದು ನಿರ್ದಿಷ್ಟ ದಾರಿಯನ್ನೇ ತಡೆಯುವ ಔಷಧ. ಈ ಕ್ಷೇತ್ರದಲ್ಲಿ ಗೆದ್ದ ಸೂಚಕವೊಂದರ, ಸೋತ ಸೂಚಕವೊಂದರ ಕಥೆ ಹೇಳಿದರೆ ಉತ್ತರ ಸಿಗುತ್ತದೆ.

ಇಂಟರ್‌ಲ್ಯೂಕಿನ್-5 ತಡೆಯುವ ಔಷಧವನ್ನು ಉಬ್ಬಸದಲ್ಲಿ ಪರೀಕ್ಷಿಸಿದ ಫಲಿತಾಂಶ 2000ದಲ್ಲಿ ಪ್ರಕಟವಾದಾಗ ಎಲ್ಲರಿಗೂ ನಿರಾಸೆಯಾಯಿತು. ಇಯೊಸಿನೊಫಿಲ್ ಇಳಿದವು, ರೋಗಿಗಳಿಗೆ ಗುಣ ಕಾಣಲಿಲ್ಲ. ಇಯೊಸಿನೊಫಿಲ್‌ಗೂ ಉಬ್ಬಸಕ್ಕೂ ಸಂಬಂಧವೇ ಇಲ್ಲ ಎಂಬ ಮಾತೂ ಕೇಳಿಬಂತು. ಆ ಪ್ರಯೋಗದಲ್ಲಿ ಸೌಮ್ಯ ಉಬ್ಬಸದವರನ್ನು ಸೇರಿಸಿಕೊಂಡಿದ್ದರು. 2009ರಲ್ಲಿ ಬ್ರಿಟನ್ ಮತ್ತು ಕೆನಡಾದ ಎರಡು ತಂಡಗಳು ಚಿಕಿತ್ಸೆಯಲ್ಲಿದ್ದೂ ಕಫದಲ್ಲಿ ಇಯೊಸಿನೊಫಿಲ್ ಉಳಿದಿದ್ದ ತೀವ್ರ ರೋಗಿಗಳನ್ನೇ ಆರಿಸಿಕೊಂಡು ಅದೇ ಮೆಪೊಲಿಜುಮ್ಯಾಬ್ ಕೊಟ್ಟಾಗ ಉಬ್ಬಸ ಕೆರಳುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಔಷಧ ಬದಲಾಗಿರಲಿಲ್ಲ, ರೋಗಿಯನ್ನು ಆರಿಸುವ ಕ್ರಮ ಬದಲಾಗಿತ್ತು. 2015ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಮುಖ್ಯ ಪ್ರಯೋಗದಲ್ಲಿ ಬಳಸಿದ ಗಡಿಯೆಂದರೆ ಆರಂಭದಲ್ಲಿ 150 ಅಥವಾ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ 300 ಇಯೊಸಿನೊಫಿಲ್.

ಸೋತದ್ದು ಪೆರಿಯೊಸ್ಟಿನ್. ಇಂಟರ್‌ಲ್ಯೂಕಿನ್-13ರ ಪ್ರಭಾವದಿಂದ ಒಳಪೊರೆ ಬಿಡುಗಡೆ ಮಾಡುವ ಈ ಪ್ರೋಟೀನು ರಕ್ತದಲ್ಲಿ ಹೆಚ್ಚಿದ್ದವರಿಗೆ ಲೆಬ್ರಿಕಿಜುಮ್ಯಾಬ್ ಎಂಬ ಔಷಧ ಹೆಚ್ಚು ಹಿಡಿಸುತ್ತದೆ ಎಂದು 2011ರಲ್ಲಿ ಕಂಡಾಗ ದೊಡ್ಡ ಭರವಸೆ ಹುಟ್ಟಿತ್ತು. ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಆ ಭರವಸೆ ನಿಲ್ಲಲಿಲ್ಲ. ಪೆರಿಯೊಸ್ಟಿನ್ ಬೆಳೆಯುವ ಎಲುಬಿನಿಂದಲೂ ಬರುತ್ತದೆ, ಹಾಗಾಗಿ ಮಕ್ಕಳಲ್ಲಿ ಅದು ಸಹಜವಾಗಿಯೇ ಹೆಚ್ಚು. ಎಲ್ಲಿಂದ ಬಂತೆಂದು ಹೇಳಲಾಗದ ಗುರುತು ಆಸ್ಪತ್ರೆಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲಿ ಒಂದೇ ದಿನದ ಒಂದೇ ರಕ್ತಪರೀಕ್ಷೆ ಸಾಲದು. ಇಯೊಸಿನೊಫಿಲ್ ಸಂಖ್ಯೆ ರಾತ್ರಿಯ ಹೊತ್ತು ಏರಿ ಬೆಳಿಗ್ಗೆ ಹೊತ್ತೇರಿದಂತೆ ಇಳಿಯುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಮಾತ್ರೆಯ ಕೋರ್ಸು ಮುಗಿದು ಕೆಲವು ವಾರಗಳಾದ ಮೇಲೆ, ಬೇರೆ ಬೇರೆ ದಿನಗಳಲ್ಲಿ ಎರಡು ಮೂರು ಬಾರಿ ನೋಡಿಸಿ, ಹಳೆಯ ರಿಪೋರ್ಟುಗಳನ್ನೂ ಹುಡುಕಿ ತೆಗೆಯಿರಿ. ಇಯೊಸಿನೊಫಿಲ್ ಮುಂದಿದ್ದರೆ ಮೆಪೊಲಿಜುಮ್ಯಾಬ್ ಅಥವಾ ಬೆನ್ರಲಿಜುಮ್ಯಾಬ್, ಫೀನೋ ಕೂಡ ಹೆಚ್ಚಿದ್ದು ಚರ್ಮದ ಎಕ್ಸಿಮಾ ಅಥವಾ ಮೂಗಿನ ಪಾಲಿಪ್ ಇದ್ದರೆ ಡುಪಿಲುಮ್ಯಾಬ್, ವರ್ಷವಿಡೀ ಕಾಡುವ ಅಲರ್ಜಿ ಸಾಬೀತಾಗಿದ್ದರೆ ಐಜಿಇಯನ್ನು ತಡೆಯುವ ಓಮಲಿಜುಮ್ಯಾಬ್ ಎಂದು ಯೋಚಿಸುವುದು ರೂಢಿ. ಓಮಲಿಜುಮ್ಯಾಬಿನ ಪ್ರಮಾಣವನ್ನು ಐಜಿಇ ಮತ್ತು ದೇಹದ ತೂಕ ಎರಡನ್ನೂ ನೋಡಿ ನಿರ್ಧರಿಸುತ್ತಾರೆ. ಆರಂಭಿಸಿದ ಮೇಲೆ ಒಟ್ಟು ಐಜಿಇ ಏರಿದಂತೆ ಕಾಣುವುದರಿಂದ ಅದನ್ನು ಮತ್ತೆ ಮತ್ತೆ ಅಳೆಯುವುದು ದಂಡ. ಇಷ್ಟಕ್ಕೂ ಮೊದಲು, ಮನೆಯಲ್ಲಿ ಇನ್‌ಹೇಲರ್ ಬಳಸುವ ಕ್ರಮವನ್ನು ಯಾರಾದರೂ ಎದುರಿಗೆ ಕುಳಿತು ಪರೀಕ್ಷಿಸಿದ್ದಾರೆಯೇ ಎಂದು ಕೇಳಿಕೊಳ್ಳಿ. ತೀವ್ರ ಉಬ್ಬಸವೆಂದು ಬಂದವರಲ್ಲಿ ಅಲ್ಲೇ ಮುಗಿದುಹೋದ ಪ್ರಕರಣಗಳನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ಭಟ್ಕಳದಿಂದ. ನಮ್ಮ ತಂದೆಯವರಿಗೆ ಇಯೊಸಿನೊಫಿಲ್ 700 ಇತ್ತು. ಪರಿಚಯದವರೊಬ್ಬರು ತಂದುಕೊಟ್ಟ ಪುಡಿಯನ್ನು ಎಂಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಉಬ್ಬಸ ಪೂರ್ತಿ ನಿಂತಿದೆ, ಇಯೊಸಿನೊಫಿಲ್ ಸೊನ್ನೆಗೆ ಇಳಿದಿದೆ. ಹಸಿವೆ ಹೆಚ್ಚಿದೆ, ಮುಖ ತುಂಬಿಕೊಂಡಿದೆ, ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿದೆ. ಇನ್‌ಹೇಲರ್ ಬಿಡಬಹುದೇ?

ಉತ್ತರ: ಇನ್‌ಹೇಲರ್ ಬಿಡಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಗಾಬರಿಗೊಳಿಸಿದ್ದು ಆ ಸೊನ್ನೆ. ಉಬ್ಬಸ ಹತೋಟಿಗೆ ಬಂದವರಲ್ಲೂ ರಕ್ತದಲ್ಲಿ ಒಂದಿಷ್ಟು ಇಯೊಸಿನೊಫಿಲ್ ಉಳಿದಿರುತ್ತವೆ. ಅವನ್ನು ಪೂರ್ತಿ ಅಳಿಸಿಹಾಕುವುದು ಇಂಟರ್‌ಲ್ಯೂಕಿನ್-5 ತಡೆಯುವ ಚುಚ್ಚುಮದ್ದು, ಇಲ್ಲವೇ ಹೊಟ್ಟೆಗೆ ಸೇರುವ ಸ್ಟೀರಾಯ್ಡ್. ತುಂಬಿಕೊಂಡ ಮುಖ, ಹೆಚ್ಚಿದ ಹಸಿವೆ, ಹೊಸ ಸಕ್ಕರೆ ಕಾಯಿಲೆ ಇವೆಲ್ಲ ಎರಡನೆಯದರತ್ತಲೇ ಬೊಟ್ಟು ಮಾಡುತ್ತಿವೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂಬ ಅನುಮಾನ ನನಗೆ ಬಲವಾಗಿದೆ.

ಹಾಗೆಂದು ನಾಳೆಯಿಂದಲೇ ಪುಡಿಯನ್ನು ನಿಲ್ಲಿಸಲೂ ಹೋಗಬೇಡಿ. ಎಂಟು ತಿಂಗಳು ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಬಿಟ್ಟು ಮಲಗಿರುತ್ತದೆ. ತಟಕ್ಕನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಪ್ರಜ್ಞೆ ತಪ್ಪುವಂಥ ಸ್ಥಿತಿ ಬರಬಹುದು, ಅದರ ಜೊತೆಗೆ ಅಡಗಿದ್ದ ಉಬ್ಬಸವೂ ಎದ್ದು ಬರಬಹುದು. ಈ ವಾರವೇ ತಂದೆಯವರನ್ನು ಫಿಸಿಶಿಯನ್ ಬಳಿ ಕರೆದುಕೊಂಡು ಹೋಗಿ. ಬೆಳಿಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್ (ಆ ಗ್ರಂಥಿಯ ಹಾರ್ಮೋನು) ಪರೀಕ್ಷೆ, ಸಕ್ಕರೆ, ರಕ್ತದೊತ್ತಡ ನೋಡಿ, ಎಷ್ಟು ಸ್ಟೀರಾಯ್ಡನ್ನು ಎಷ್ಟು ವಾರಗಳಲ್ಲಿ ಇಳಿಸಬೇಕೆಂದು ಅವರು ನಿರ್ಧರಿಸುತ್ತಾರೆ. ಹೋಗುವಾಗ ಪುಡಿಯ ಪೊಟ್ಟಣ, ಹಳೆಯ 700ರ ರಿಪೋರ್ಟು, ಈಗಿನ ಸೊನ್ನೆಯ ರಿಪೋರ್ಟು ಮೂರನ್ನೂ ಒಯ್ಯಿರಿ. ದಾರಿಯಲ್ಲಿ ತಲೆಸುತ್ತು, ವಾಂತಿ ಶುರುವಾದರೆ ಹೊರರೋಗಿ ವಿಭಾಗದಲ್ಲಿ ಸರದಿಗೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ, ‘ಎಂಟು ತಿಂಗಳಿಂದ ಸ್ಟೀರಾಯ್ಡ್ ಹೊಟ್ಟೆಗೆ ಹೋಗಿರಬಹುದು’ ಎಂಬ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿ.